ಗೋಡೆಯ ಮೇಲಿನ ಮೂರು

ಸಿಂಧನೂರು,
೧೮ ಜನವರಿ ೨೦೨೫, ಶನಿವಾರ

ಪ್ರೀತಿಯ ತಮ್ಮ ಬಸುಗೆ,

ಮೊದಲು ನಿನ್ನ ಬೆನ್ನು ಹೇಗಿದೆ, ಅದನ್ನು ಹೇಳು. ಭತ್ತ ಕೊಯ್ಯುವ ಮಷಿನ್ನಿನ ಮೇಲೆ ದಿನಕ್ಕೆ ಹನ್ನೆರಡು ತಾಸು ಕುಳಿತು ಕುಲುಕಿದರೆ ಕಬ್ಬಿಣವೇ ಸಡಿಲಾಗುತ್ತದೆ, ನೀನು ಯಾವ ಲೆಕ್ಕ. ಅವ್ವ ಒಂದು ಬಾಟಲಿ ಔಡಲೆಣ್ಣೆ ಕಳಿಸಿದ್ದಾಳೆ, ಬಿಸಿ ಮಾಡಿ ಹಚ್ಚಿಕೋ. ತಂಜಾವೂರಿನ ಕಡೆ ಮೂರು ಹೊತ್ತೂ ಅನ್ನವೇ ಎಂದು ಹನುಮಂತು ಹೇಳಿದ. ಎಷ್ಟು ಅನ್ನ ಉಂಡರೂ ಉಂಡ ಹಾಗಾಗುವುದಿಲ್ಲ ಎಂದು ಸಣ್ಣವನಿದ್ದಾಗಲೇ ಗೊಣಗುತ್ತಿದ್ದವನು ನೀನು. ಅದಕ್ಕೇ ಐವತ್ತು ಖಡಕ್ ರೊಟ್ಟಿ, ಗುರೆಳ್ಳು ಪುಡಿ, ಶೇಂಗಾ ಪುಡಿ ಕಟ್ಟಿದ್ದೇವೆ. ಹನುಮಂತುವಿನ ಲಾರಿ ನಿಮ್ಮ ಮಷಿನ್ನಿಗೆ ಬೆಲ್ಟು, ಬ್ಲೇಡು ಹೇರಿಕೊಂಡು ಇವತ್ತು ಮಧ್ಯಾಹ್ನ ಹೊರಡುತ್ತದೆ. ಅವನಿಗೂ ನಾಲ್ಕು ರೊಟ್ಟಿ ಕೊಡು, ಆದರೆ ಗಂಟು ಬಿಚ್ಚುವುದು ನೀನೇ ಆಗಲಿ. ಅವನು ಬಿಚ್ಚಿದರೆ ನಿನಗೆ ಕಟ್ಟಿದ ಬಟ್ಟೆ ಮಾತ್ರ ಉಳಿಯುತ್ತದೆ.

ಫೋನ್ ಇರುವಾಗ ಇವಳು ಪತ್ರ ಬರೆಯಲು ಯಾಕೆ ಕೂತಳು ಎಂದು ನಗುತ್ತೀ. ಫೋನಿನಲ್ಲಿ ನೀನು ಆಡುವುದು ಮೂರು ಮಾತು. 'ಆರಾಮ ಅದೀನಕ್ಕ. ಅವ್ವ ಹೆಂಗದಾಳ? ಫೋನ್ ಇಡ್ಲ್ಯಾ?' ಎರಡು ವರ್ಷದಿಂದ ಇದೇ ಮೂರು. ನಾನು ಈಗ ಹೇಳಬೇಕಾದ ಮಾತು ಉದ್ದದ್ದು, ನಡುವೆ ನೀನು 'ಇಡ್ಲ್ಯಾ' ಅನ್ನಬಾರದು. ಅದು ನಿನ್ನ ಬುಲೆಟ್ ಗಾಡಿಯ ಮಾತು. ಗಾಡಿ ಎಂದು ಓದಿದ ಕೂಡಲೇ ಮಡಚಿ ಜೇಬಿಗೆ ಹಾಕಬೇಡ. ಎರಡು ವರ್ಷದ ಹಿಂದೆ ಗೌರಿ ಹುಣ್ಣಿಮೆಯ ಮುಂಚಿನ ಸಂತೆಗೆ ಹೋಗುವಾಗ ಮಸ್ಕಿ ದಾಟಿ ಲಿಂಗಸುಗೂರಿನ ದಾರಿಯಲ್ಲಿ ಅವ್ವನ ಸಮೇತ ನೀನು ಬಿದ್ದೆ. ಅವ್ವನ ಮೊಣಕಾಲು ಹೋಯಿತು. ಹೊಸ ಎಂಜಿನ್ನನ್ನು ಜೋರಾಗಿ ಓಡಿಸಿ ಅವ್ವನ ಕಾಲು ನಾನೇ ಮುರಿದೆ ಎಂದು ನೀನು ಊರು ಬಿಟ್ಟೆ. ಆಮೇಲೆ ಒಂದು ಹಬ್ಬಕ್ಕೂ ಬಂದಿಲ್ಲ. ಆ ದಿನ ನಿಜವಾಗಿ ಏನಾಯಿತು ಎನ್ನುವುದು ಈಗ ಗಾಡಿಯ ಹೊಟ್ಟೆಯಿಂದಲೇ ಹೊರಗೆ ಬಂದಿದೆ. ಅದಕ್ಕೇ ಹೇಳುತ್ತೇನೆ, ಪೂರ್ತಿ ಓದು.

ಅವ್ವ ಚೆನ್ನಾಗಿದ್ದಾಳೆ. ಮೊಣಕಾಲು ಮಾತ್ರ ಮಡಚುವುದಿಲ್ಲ, ಎಲ್ಲಿ ಕುಳಿತರೂ ಕಾಲು ಮುಂದೆ ಚಾಚಿಯೇ ಕೂಡಬೇಕು. ನಾಲಿಗೆಗೆ ಏನೂ ಆಗಿಲ್ಲ, ಅದು ಎಲ್ಲ ಕಡೆಗೂ ಹೊರಳುತ್ತದೆ. ಮಸ್ಕಿ ಸಂತೆ, ಲಿಂಗಸುಗೂರು ಸಂತೆ ಎರಡನ್ನೂ ಬಿಟ್ಟಿರಲಿಲ್ಲ; ಚಟ್ನಿ ಪುಡಿಯ ಚೀಲ ಹಿಡಿದು ಬಸ್ಸಿಗೆ ಹೋಗುತ್ತಿದ್ದಳು. ಆದರೆ ಬಸ್ಸಿನ ಮೆಟ್ಟಿಲು ಎತ್ತರ. ಹತ್ತಿಸಲು ಇಬ್ಬರು, ಇಳಿಸಲು ಇಬ್ಬರು ಬೇಕು. ಹೋದ ದೀಪಾವಳಿ ಮುಗಿದ ಮೇಲೆ ಒಂದು ದಿನ ಸಂತೆಯಿಂದ ಬಂದವಳೇ ಚೀಲವನ್ನು ಮೂಲೆಗೆ ಒಗೆದು, ಇನ್ನು ಮೇಲೆ ಮಂದಿಯ ರಟ್ಟೆ ಹಿಡಿದು ಬಸ್ಸು ಹತ್ತುವುದಿಲ್ಲ ಅಂದಳು. ಆಟೋ ಮಾತಾಡುತ್ತೇನೆ ಬಿಡು ಅಂದೆ. ಅವಳು ನಮ್ಮ ಶೆಡ್ಡಿನ ಮೂಲೆಯಲ್ಲಿ ಗೋಣಿ ತಟ್ಟು ಹೊದ್ದು ನಿಂತಿದ್ದ ಬುಲೆಟ್ಟಿನ ಕಡೆ ಕೈ ತೋರಿಸಿದಳು. 'ಅದನ್ನ ತಗಿ. ಅದರ ಬಾಜೂಕ ಒಂದು ತೊಟ್ಟಿಲ ಕಟ್ಟು. ಕಾಲು ಚಾಚಿ ಕುಂದರ್ತೀನಿ.' ಸೈಡ್‌ಕಾರಿಗೆ ಅವಳು ಇಟ್ಟ ಹೆಸರು ತೊಟ್ಟಿಲು.

ನಾನು ತಮಾಷೆ ಎಂದುಕೊಂಡಿದ್ದೆ. ಮರುದಿನವೇ ವೆಲ್ಡಿಂಗ್ ಅಂಗಡಿಯ ಆಸೀಫ್‌ನನ್ನು ಕರೆಸಿ ಅಳತೆ ಕೊಟ್ಟಳು. ಗೋಡೆಗೆ ಒರಗಿ ಕಾಲು ಚಾಚಿ ಕುಳಿತು, ಬೆನ್ನಿನಿಂದ ಹಿಮ್ಮಡಿಯ ತನಕ ಟೇಪು ಹಿಡಿಸಿದಳು. ಚೀಲ ಇಡಲು ಕಾಲ ಕೆಳಗೆ ಜಾಗ ಬೇಕು, ಕೊಡೆ ಸಿಗಿಸಲು ಒಂದು ಕೊಳವೆ ಬೇಕು, ಎಲೆ ಅಡಿಕೆ ಡಬ್ಬಿಗೆ ಒಂದು ಗೂಡು ಬೇಕು. ಪಾಪ ಆಸೀಫ್ ಎಲ್ಲದಕ್ಕೂ ಹೂಂ ಅಂದ. ಹಳೆಯ ಬಸ್ಸಿನ ಸೀಟು ಹಾಕಿ, ಮೂರನೇ ಗಾಲಿ ಸಮೇತ ತಯಾರು ಮಾಡಿ ತಂದು ನಿಲ್ಲಿಸಿದ್ದಾನೆ. ಅವ್ವ ದಿನಾ ಸಂಜೆ ಹೋಗಿ ಅದರಲ್ಲಿ ಅರ್ಧ ತಾಸು ಕುಳಿತು ಬರುತ್ತಾಳೆ. ಗಾಡಿ ಇಲ್ಲದ ತೊಟ್ಟಿಲಿನಲ್ಲಿ ಕಾಲು ಚಾಚಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುವವಳನ್ನು ನೋಡಿ ಓಣಿಯವರು, ಅವ್ವಾರು ಯಾವ ಊರಿಗೆ ಹೊಂಟೀರಿ ಎಂದು ಕೇಳುತ್ತಾರೆ. ನನ್ನ ಮಗ ಬರ್ತಾನ, ಕೇಳಿ ಹೇಳ್ತೀನಿ ಅನ್ನುತ್ತಾಳೆ.

ಈಗ ಎಂಜಿನ್ನಿನ ವಿಷಯಕ್ಕೆ ಬರುತ್ತೇನೆ. ಮೂರು ಗಾಲಿ, ಕಬ್ಬಿಣದ ಚೌಕಟ್ಟು, ಅವ್ವ, ಎರಡು ಚೀಲ, ಓಡಿಸುವವ, ಇಷ್ಟನ್ನು ಎಳೆಯಬೇಕು. ಹಾಗಾದರೆ ಎಂಜಿನ್ ಎಷ್ಟು ಸಿಸಿಯದಾಗಬೇಕು? ಈ ಒಂದು ಪ್ರಶ್ನೆಗೆ ನಮ್ಮ ಮನೆಯಲ್ಲಿ ಒಂದೂವರೆ ತಿಂಗಳು ಪಂಚಾಯಿತಿ ನಡೆದಿದೆ. ಲಿಂಗಸುಗೂರಿನ ಆದಪ್ಪ ಮಾವ ಸೈಡ್‌ಕಾರಿನ ಕಾಗದಪತ್ರಕ್ಕೆಂದು ಆರ್‌ಟಿಒ ಕಚೇರಿಗೆ ಅಲೆದು ಅರ್ಜಿ ಹಾಕಿಸಿದವರು. ಅವರ ಮಾತಿಗೆ ತೂಕ ಕೊಡಬೇಕು. ಅವರು ಹಳೆಯ ಮೂರುನೂರಾ ಐವತ್ತಕ್ಕೇ ತಿರುಗಿಸಿಬಿಡಿ, ಒಂದು ಸಲ ದೊಡ್ಡದು ಮಾಡಿ ಅನುಭವಿಸಿದ್ದು ಸಾಲದೇ ಅನ್ನುತ್ತಾರೆ. ಅಪ್ಪನ ಕಾಲದ ಆ ಹಳೆಯ ಸಿಲಿಂಡರ್ ಬ್ಲಾಕ್, ಪಿಸ್ಟನ್ ಓಡುವ ಕಬ್ಬಿಣದ ಕೊಳವೆ, ಇನ್ನೂ ಇದೆ. ಹಿತ್ತಿಲ ಬಾಗಿಲು ಗಾಳಿಗೆ ಬಡಿಯದಂತೆ ಅವ್ವ ಅದನ್ನು ಅಡ್ಡ ಇಟ್ಟಿದ್ದಾಳೆ. ಆದರೆ ಮೂರುನೂರಾ ಐವತ್ತು ಅವ್ವನೊಬ್ಬಳನ್ನು ಕೂರಿಸಿಕೊಂಡಾಗಲೇ ಮಸ್ಕಿ ದಾಟಿದ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ತೊಟ್ಟಿಲು ಕಟ್ಟಿದರೆ ಎದುರುಗಾಳಿಗೆ ಎರಡನೇ ಗೇರಿನಲ್ಲೇ ಸಂತೆ ಮುಗಿಯುವ ಹೊತ್ತಿಗೆ ಹೋಗಿ ಮುಟ್ಟಬೇಕು.

ಮಂಜೂರ್ ಚಾಚಾ ಇದಕ್ಕೆ ತದ್ವಿರುದ್ಧ. ಅಪ್ಪನ ಜೊತೆ ಮೂವತ್ತು ವರ್ಷ ಗಾಡಿ ಬಿಚ್ಚಿದ ಕೈ, ವಯಸ್ಸಾದ ಹಾಗೆ ಉಮೇದು ಹೆಚ್ಚಾಗಿದೆ. ಪಿಸ್ಟನ್ ಮೇಲೆ ಕೆಳಗೆ ಓಡುವ ಉದ್ದ ಎಲ್ಲದಕ್ಕೂ ಒಂದೇ, ತೊಂಬತ್ತು ಮಿಲಿಮೀಟರ್; ನಾವು ಬದಲಿಸುವುದು ಅಗಲ ಮಾತ್ರ. ಎಪ್ಪತ್ತು ಅಗಲವಾದರೆ ಮೂರುನೂರಾ ಐವತ್ತು, ಎಂಬತ್ತನಾಲ್ಕಾದರೆ ಐನೂರು, ಎಂಬತ್ತೇಳಕ್ಕೆ ಕೊರೆದರೆ ಐನೂರಾ ಮೂವತ್ತೈದು. ಅಪ್ಪ ಸ್ಲೇಟಿನ ಮೇಲೆ ಇದೇ ಗುಣಾಕಾರ ಮಾಡಿಸಿ ನಮಗೆ ಗಣಿತ ಕಲಿಸಿದ್ದು ನೆನಪಿರಬೇಕು. ಚಾಚಾ ಎಂಬತ್ತೇಳಕ್ಕೆ ಒಯ್ಯೋಣ ಅನ್ನುತ್ತಾರೆ. ಮೂರು ಮಿಲಿಮೀಟರ್ ಏನು ಮಹಾ ಎಂದು ಕೇಳುವವರಿಗೆ ಗೊತ್ತಿಲ್ಲ, ಆ ಮೂರು ಬರುವುದು ಬ್ಲಾಕಿನ ಗೋಡೆಯಿಂದ. ಗೋಡೆ ತೆಳ್ಳಗಾಗುತ್ತದೆ, ಕಾವು ಹೆಚ್ಚುತ್ತದೆ, ಕ್ಲಚ್ ಜಾರುತ್ತದೆ. ಮುಂದೆ ಸವೆದರೆ ಇನ್ನೊಂದು ಸಲ ಕೊರೆಯಲು ಕಬ್ಬಿಣವೇ ಉಳಿದಿರುವುದಿಲ್ಲ. ಪಿಸ್ಟನ್ ಬೇಕೆಂದರೆ ಎಲ್ಲಿಂದಲೋ ತರಿಸಿ ತಿಂಗಳುಗಟ್ಟಲೆ ಕಾಯಬೇಕು. ಅವ್ವನ ಸಂತೆ ವಾರಕ್ಕೊಂದು ಸಲ ಬರುತ್ತದೆ, ಅದು ಪಿಸ್ಟನ್‌ಗಾಗಿ ಕಾಯುವುದಿಲ್ಲ.

ಹಾಗಾಗಿ ನಾನು ಐನೂರೇ ಇರಲಿ ಅಂದೆ. ಎರಡು ವರ್ಷದ ಹಿಂದೆ, ಬೀಳುವ ಮುಂಚೆ, ನೀನೂ ಅದನ್ನೇ ಕೇಳಿದ್ದೆ. ಅಂಗಡಿಗೆ ಬರುವವರೆಲ್ಲ, ಹುಡುಗನಿಗೆ ದೊಡ್ಡ ಎಂಜಿನ್ನಿನ ಖಯಾಲಿ ಹತ್ತಿದೆ, ಡಬಡಬ ಅನಿಸಿಕೊಂಡು ತಿರುಗಬೇಕಂತೆ ಎಂದು ನಗುತ್ತಿದ್ದರು. ನಾನೂ ನಕ್ಕೆ. ನೀನು ಗೇಟಿನ ಹತ್ತಿರ ನಿಂತು ಮೆಲ್ಲಗೆ ಹೇಳಿದ್ದು ನನಗೊಬ್ಬಳಿಗೇ ಕೇಳಿಸಿತ್ತು. 'ಐನೂರು ಆದ್ರ ಏರಿನ್ಯಾಗ ಗಾಡಿ ಕುಲಕೂದಿಲ್ಲಕ್ಕ. ಅವ್ವಗ ಸೊಂಟಾ ಅಲಗಾಡೂದಿಲ್ಲ.' ಅಷ್ಟಕ್ಕೇ ನೀನು ಬಳ್ಳಾರಿಗೆ ಹೋಗಿ ಹಳೆಯ ಐನೂರರ ಬ್ಲಾಕ್ ಹುಡುಕಿ ತಂದೆ, ಅದಕ್ಕೆ ಹೊಸ ಪಿಸ್ಟನ್ ತಂದೆ. ಎಂಜಿನ್ನಿನ ಕೇಸಿನ ಬಾಯಿಯನ್ನು ನಾನು ನಮ್ಮ ಲೇಥಿನಲ್ಲೇ ಅಗಲ ಮಾಡಿದೆ. ಬ್ಲಾಕನ್ನೂ ನಾನೇ ಕೊರೆದೆ. ನಮ್ಮ ಅಂಗಡಿಯ ಹೆಸರು ಇನ್ನೂ ಕರಿಬಸಪ್ಪ ಬೋರಿಂಗ್ ವರ್ಕ್ಸ್, ಆದರೆ ಅಪ್ಪ ಹೋದ ಮೇಲೆ ಅಲ್ಲಿ ಪಿಸ್ಟನ್ನಿಗೆ ಬ್ಲಾಕ್ ಕೊರೆದು ಕೂಡಿಸುವ ಕೈ ನನ್ನದೊಂದೇ. ಹೆಣ್ಣುಮಗಳು ಮಷಿನ್ ಮೇಲೆ ನಿಂತಿದ್ದಾಳೆ ಎಂದು ಮೊದಮೊದಲು ಜವಳಗೇರಾದಿಂದ ಬಂದ ಮಂದಿ ಟ್ರ್ಯಾಕ್ಟರ್ ನಿಲ್ಲಿಸಿ ನೋಡಿ ಹೋಗುತ್ತಿದ್ದರು. ಈಗ ಕೆಲಸ ಕೊಟ್ಟು ಹೋಗುತ್ತಾರೆ. ಆ ನಂಬಿಕೆಯನ್ನು ನಾನು ಹೇಗೆ ಗಳಿಸಿದೆ ಎನ್ನುವುದು ನಿನಗೆ ಗೊತ್ತು.

ಹೋದ ತಿಂಗಳು ಮಂಜೂರ್ ಚಾಚಾ ಮತ್ತು ನಾನು ಕೂಡಿ ಎಂಜಿನ್ ಬಿಚ್ಚಿದೆವು. ಬಿಚ್ಚುವಾಗ ಚಾಚಾ ಸ್ಪ್ಯಾನರ್ ಹಾಕಿದವರೇ ತಡೆದು, 'ಬೇಟಿ, ಈ ಬೋಲ್ಟು ಮೊದಲ ಯಾರೋ ಬಿಚ್ಚ್ಯಾರ' ಅಂದರು. ಬಿದ್ದ ದಿನ ಲಿಂಗಸುಗೂರಿನ ಕಡೆ ಯಾವನಾದರೂ ಮೆಕ್ಯಾನಿಕ್ ಕೈ ಹಾಕಿರಬೇಕು ಅಂದೆ. ಅವರು ಮತ್ತೆ ಕೇಳಲಿಲ್ಲ. ಬ್ಲಾಕ್ ಎತ್ತಿದಾಗ ಪಿಸ್ಟನ್ ಮೈಮೇಲೆ ಉದ್ದುದ್ದ ಗೀರು ಕಂಡವು, ಸರಿಯಾಗಿ ನಾಲ್ಕು ಮೂಲೆಗೆ ನಾಲ್ಕು. ಇದರ ಅರ್ಥ ನಿನಗೂ ಗೊತ್ತು. ಎಣ್ಣೆ ಸಾಲದೆ ಬ್ಲಾಕಿನೊಳಗೆ ಕಚ್ಚಿ ಹಿಡಿದುಕೊಂಡ ಪಿಸ್ಟನ್ ಮುಂದೆ ಹಿಂದೆ ಅಗಲಕ್ಕೆ ಉಜ್ಜಿಕೊಂಡಿರುತ್ತದೆ. ನಾಲ್ಕು ಮೂಲೆಯಲ್ಲಿ ಗೀರು ಬಿದ್ದರೆ ಪಿಸ್ಟನ್ ಕಾವಿಗೆ ಹಿಗ್ಗಿದೆ, ಹಿಗ್ಗಲು ಅದಕ್ಕೆ ಜಾಗ ಇರಲಿಲ್ಲ ಎಂದು ಅರ್ಥ. ಬ್ಲಾಕಿನ ತಳದಲ್ಲಿ, ಪಿಸ್ಟನ್ ಮುಟ್ಟದ ಕಡೆ, ನಾನು ಕೊರೆದ ಅಳತೆ ಇನ್ನೂ ಹಾಗೇ ಉಳಿದಿದೆ. ಗೇಜ್ ಹಾಕಿದೆ. ಪಿಸ್ಟನ್ನಿಗೂ ಗೋಡೆಗೂ ನಡುವೆ ನಾನು ಬಿಟ್ಟಿದ್ದ ಜಾಗ ಮೂರು ಥೌ. ಒಂದು ಇಂಚನ್ನು ಸಾವಿರ ಪಾಲು ಮಾಡಿ ಅದರಲ್ಲಿ ಮೂರು ಪಾಲು.

ಮೂರು ಯಾಕೆ ಬಿಟ್ಟೆ ಎಂದು ಕೇಳು. ಗೋಡೆಯ ಮೇಲೆ ಬರೆದಿತ್ತು. ಮಷಿನ್ನಿನ ಹಿಂದಿನ ಗೋಡೆಗೆ ಅಪ್ಪ ಹಸಿರು ಬಣ್ಣದಲ್ಲಿ ಬರೆದ ಪಟ್ಟಿ, ಯಾವ ಗಾಡಿಗೆ ಎಷ್ಟು ಥೌ ಬಿಡಬೇಕು ಎಂಬುದು. ಬುಲೆಟ್ ಎಂಬುದರ ಮುಂದೆ ಮೂರು. ದಿನಾ ಬೆಳಿಗ್ಗೆ ಮಷಿನ್ನಿಗೆ ವಿಭೂತಿ ಹಚ್ಚಿದ ಬೆರಳನ್ನು ನಾನು ಆ ಗೋಡೆಗೂ ಒಂದು ಸಲ ಮುಟ್ಟಿಸುತ್ತೇನೆ. ಅಪ್ಪನ ಕಾಲದಲ್ಲಿ ಸಿಂಧನೂರಿಗೆ ಬರುತ್ತಿದ್ದ ಬುಲೆಟ್ಟುಗಳೆಲ್ಲ ಮೂರುನೂರಾ ಐವತ್ತರವು. ಅಪ್ಪನ ಮೂರು ಆ ಸಣ್ಣ ಪಿಸ್ಟನ್ನಿನ ಮೂರು. ಪಿಸ್ಟನ್ ಅಗಲವಾದಷ್ಟೂ ಹೆಚ್ಚು ಹಿಗ್ಗುತ್ತದೆ, ಹೆಚ್ಚು ಜಾಗ ಕೇಳುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ ಬಸು. ಅವತ್ತು ಮಂಜೂರ್ ಚಾಚಾ ಪಕ್ಕದಲ್ಲೇ ನಿಂತು ಹೇಳಿದ್ದರು. 'ಇದು ದೊಡ್ಡ ಪಿಸ್ಟನ್ ಬೇಟಿ, ಐದರ ತನಕಾ ಬಿಡು.' ನಾನು ಏನಂದೆ ಗೊತ್ತೇ? ನಮ್ಮಪ್ಪ ಬರೆದದ್ದು ತಪ್ಪು ಅಂತೀರೇನು ಅಂದೆ. ಗಿರಾಕಿಗಳ ಎದುರಿಗೆ ಅಂದೆ. ಪಾಪ, ಅವರು ಟೋಪಿ ಸರಿ ಮಾಡಿಕೊಂಡು ಚಹಾ ಕುಡಿಯಲು ಹೋಗಿಬಿಟ್ಟರು. ಅಪ್ಪನ ಗೋಡೆಗೆ ನಮಸ್ಕಾರ ಮಾಡಿ ಮಾಡಿ, ಅಪ್ಪ ಏನು ಲೆಕ್ಕ ಹಾಕಿ ಬರೆದರು ಎನ್ನುವುದನ್ನು ಮರೆತುಬಿಟ್ಟೆ.

ಇನ್ನು ಸುತ್ತಿ ಬಳಸುವುದಿಲ್ಲ. ತಪ್ಪು ನಿನ್ನದಲ್ಲ, ನನ್ನದು. ನೀನು ಎಷ್ಟೇ ನಿಧಾನವಾಗಿ ಓಡಿಸಿದ್ದರೂ, ಭಾರ ಹೊತ್ತು ಏರು ಹತ್ತಿ ಎಂಜಿನ್ ಕಾದ ಕೂಡಲೇ ಆ ಪಿಸ್ಟನ್ ಹಿಡಿದುಕೊಳ್ಳುತ್ತಿತ್ತು, ಹಿಂದಿನ ಗಾಲಿ ನಿಂತುಬಿಡುತ್ತಿತ್ತು. ಅವತ್ತಲ್ಲದಿದ್ದರೆ ಮುಂದಿನ ಸಂತೆಗೆ. ಅವ್ವ ದವಾಖಾನೆಯಲ್ಲಿ ಮಲಗಿಕೊಂಡೇ ಎಲ್ಲರಿಗೂ ಹೇಳಿದಳಲ್ಲ, 'ಅವ ಹೌರಗ, ನಿಧಾನಕ ಹೊಂಟಿದ್ದ, ನಾನ ಹಿಂದ ಕುಂತಿದ್ನಿ' ಎಂದು. ಹೆತ್ತವಳು ಹಾಗಲ್ಲದೆ ಇನ್ನು ಹೇಗೆ ಹೇಳಿಯಾಳು ಎಂದು ಎಲ್ಲರೂ ತಲೆ ಆಡಿಸಿದರು. ಹೊಸ ಪಿಸ್ಟನ್ ಹಾಕಿದ ಗಾಡಿಯನ್ನು ಐನೂರು ಕಿಲೋಮೀಟರ್ ತನಕ ಕೈ ಹಿಡಿದು ಓಡಿಸಬೇಕು ಎಂದು ಬಡಿದುಕೊಂಡೆನಲ್ಲೋ ಎಂದು ಕಿರುಚಿದವಳು ನಾನು. ಅಷ್ಟು ಮಂದಿ ಹೇಳಿದ ಮೇಲೆ ನಿನಗೂ ಹಾಗೇ ಅನಿಸಿತು. 'ಜೋರ್ ಹೊಡದಿರಬೇಕಕ್ಕ, ನನಗ ಗೊತ್ತಾಗಿಲ್ಲ' ಅಂದೆ. ಮಾಡದ ತಪ್ಪನ್ನು ಒಪ್ಪಿಕೊಂಡವನ ಮುಖ ಹೇಗಿರುತ್ತದೆ ಎಂದು ನಾನು ಈಗಲೂ ಕಣ್ಣು ಮುಚ್ಚಿದರೆ ನೋಡಬಲ್ಲೆ.

ಅವ್ವನಿಗೆ ಗೀರಿನ ವಿಷಯ ಹೇಳಿದೆ. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಅವಳು ಬೈಯಲಿ, ಮೊರ ಎತ್ತಿ ಒಗೆಯಲಿ ಎಂದು ಕಾಯುತ್ತ ನಿಂತೆ. ಅಳುವೂ ಬಂತು, ಖಾರ ಹತ್ತಿದೆ ಎಂದುಕೊಳ್ಳಲಿ ಎಂದು ಅಲ್ಲೇ ಅತ್ತೆ. ಅವಳು ಕೈ ನಿಲ್ಲಿಸದೆ, 'ನನಗ ಹೇಳಿದ್ರ ನನ್ನ ಕಾಲೇನು ಮಡಚೂದಿಲ್ಲ. ಅವನಿಗೆ ಹೇಳು. ಅವ ಎರಡು ವರ್ಷದಿಂದ ನನ್ನ ಕಾಲು ಹೊತಗೊಂಡು ತಿರಗಾಕತ್ತ್ಯಾನ' ಅಂದಳು. ಆಮೇಲೆ ನನ್ನನ್ನು ಹತ್ತಿರ ಕರೆದು, ಕಣ್ಣಿಗೆ ಖಾರದ ಕೈ ಹಚ್ಚಿಕೋಬೇಡ ಹುಚ್ಚಿ ಎಂದು ತನ್ನ ಸೆರಗಿನಿಂದಲೇ ಒರೆಸಿದಳು. ಮಂಜೂರ್ ಚಾಚಾನಿಗೂ ಕೈ ಮುಗಿದು ತಪ್ಪು ಕೇಳಿದೆ. ಅವರು, ನಿಮ್ಮಪ್ಪ ಇದ್ದಿದ್ದರೂ ಗಿರಾಕಿಗಳ ಎದುರಿಗೆ ನನ್ನನ್ನೇ ಬೈಯುತ್ತಿದ್ದ, ಆಮೇಲೆ ಒಳಗೆ ಹೋಗಿ ಐದು ಬಿಡುತ್ತಿದ್ದ, ನೀನು ಅರ್ಧ ಮಾತ್ರ ಕಲಿತಿದ್ದೀ ಎಂದು ನಕ್ಕರು.

ಗೋಡೆಯ ಮೇಲೆ ಅಪ್ಪನ ಮೂರನ್ನು ಅಳಿಸಿಲ್ಲ. ಅದು ತಪ್ಪಲ್ಲ. ಅದರ ಮುಂದೆ ಮೂರುನೂರಾ ಐವತ್ತು ಎಂದು ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಬುಲೆಟ್ ಐನೂರು, ಐದು. ಅಪ್ಪನ ಅಕ್ಷರದ ಕೆಳಗೆ ನನ್ನ ಅಕ್ಷರ ಕೋಳಿ ಕೆದರಿದ ಹಾಗೆ ಕಾಣುತ್ತದೆ, ಇರಲಿ. ಗೀರು ಹೋಗುವಂತೆ ಬ್ಲಾಕನ್ನು ಇನ್ನೊಂದು ಅರ್ಧ ಮಿಲಿಮೀಟರ್ ಕೊರೆದರೆ ಸಾಕು. ಅದಕ್ಕೆ ಹೊಂದುವ ಪಿಸ್ಟನ್ ಬಂದು ಕಪಾಟಿನಲ್ಲಿದೆ. ಐನೂರು ಐನೂರಾಗಿಯೇ ಉಳಿಯುತ್ತದೆ. ಆದಪ್ಪ ಮಾವ ಎಂಜಿನ್ ಬದಲಾದದ್ದನ್ನೂ ಅರ್ಜಿಯಲ್ಲಿ ಬರೆಸಿದ್ದಾರೆ. ಈ ಸಲ ಕಾಗದದಲ್ಲೂ ಸುಳ್ಳು ಇರುವುದಿಲ್ಲ. ಇಪ್ಪತ್ತೊಂಬತ್ತಕ್ಕೆ ಅವರಾತ್ರಿ ಅಮಾವಾಸ್ಯೆ. ಅವತ್ತು ಗಾಡಿಗೆ ನಿಂಬೆಹಣ್ಣು ಕಟ್ಟಿ ಕಾಯಿ ಒಡೆಯಬೇಕು ಎಂದು ಅವ್ವ ಹಟ ಹಿಡಿದಿದ್ದಾಳೆ. ಬ್ಲಾಕ್ ಕೊರೆಯುವುದು ಒಂದು ಮಧ್ಯಾಹ್ನದ ಕೆಲಸ, ಆದರೂ ಹದಿನೈದು ದಿನದಿಂದ ನಾನು ಇವತ್ತು ನಾಳೆ ಎಂದು ಮುಂದೂಡುತ್ತಿದ್ದೇನೆ. ಕರೆಂಟ್ ಇಲ್ಲ ಅಂದೆ, ಟೂಲಿಗೆ ಮೊನೆ ಇಲ್ಲ ಅಂದೆ. ಮಷಿನ್ನಿನ ಎದುರಿಗೆ ನಿಂತು ಕೈ ಕಟ್ಟಿಕೊಂಡು ಬರುತ್ತೇನೆ.

ಗಾಡಿ ಕೂಡಿಸಿದ ಮೇಲೆ ಐನೂರು ಕಿಲೋಮೀಟರ್ ನಿಧಾನ ಓಡಿಸಬೇಕಲ್ಲ, ಅಂದರೆ ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು, ಮತ್ತೆ ವಾಪಸು, ನಾಲ್ಕೈದು ಸಂತೆ. ನಾನು ಓಡಿಸುತ್ತೇನೆ ಅಂದೆ. ಅವ್ವ ತೊಟ್ಟಿಲಿನಲ್ಲಿ ಕುಳಿತಿದ್ದವಳು ಕೆಳಗೆ ಇಳಿದುಬಿಟ್ಟಳು. ಅವನು ಹೌರಗ ಓಡಿಸ್ತಾನ, ನೀ ಹೌರಗ ಅನ್ನೂದ ಕಲತಿಲ್ಲ ಅಂದಳು. ನಿಮ್ಮ ಸಾಹುಕಾರರಿಗೆ ನಾನೇ ಫೋನ್ ಮಾಡಿ ಒಂದು ತಿಂಗಳು ರಜೆ ಕೇಳುತ್ತೇನೆ. ಆಮೇಲೆ ಬೇಕಾದರೆ ಮತ್ತೆ ಮಷಿನ್ನಿಗೆ ಹೋಗು. ಇಲ್ಲೇ ಇರು ಎಂದು ಕೇಳುವ ಮುಖ ನನಗಿಲ್ಲ, ಆದರೆ ಇದ್ದರೆ ಎರಡನೇ ಲೇಥು ಖಾಲಿ ನಿಂತಿದೆ ಎಂದು ಮಾತ್ರ ತಿಳಿಸುತ್ತೇನೆ. ನಮ್ಮ ಮನೆಯವರೂ ನಿನ್ನನ್ನು ದಿನಾ ನೆನೆಯುತ್ತಾರೆ. ಶೆಡ್ಡಿನಲ್ಲಿ ಅಕ್ಕ ತಮ್ಮ ಜಗಳ ಮಾಡುವ ಸದ್ದು ಇಲ್ಲದೆ ಊಟ ಸೇರುವುದಿಲ್ಲವಂತೆ.

ಮಂಜೂರ್ ಚಾಚಾ ಸಲಾಮ್ ತಿಳಿಸಿದ್ದಾರೆ. ಆಸೀಫ್ ಕೇಳಿದ್ದಾನೆ, ತೊಟ್ಟಿಲಿಗೆ ಯಾವ ಬಣ್ಣ ಬಳಿಯಲಿ ಎಂದು. ಬಿಸಿಲಿನಲ್ಲಿ ತಲೆಗೆ ಟವೆಲ್ ಸುತ್ತಿಕೋ. ಬಸವಣ್ಣ ನಿನ್ನನ್ನು ಚೆನ್ನಾಗಿ ಇಟ್ಟಿರಲಿ, ಅವ್ವನ ಕೈ ನಿನ್ನ ತಲೆಯ ಮೇಲೆ ಯಾವತ್ತೂ ಇದೆ.

ನಿನ್ನ ಅಕ್ಕ,
ಶೈಲಜಾ

ತಾ.ಕ.: ಹನುಮಂತು ಲಾರಿ ಚಾಲೂ ಮಾಡಿಕೊಂಡು ಹಾರ್ನ್ ಹೊಡೆಯುತ್ತಿದ್ದಾನೆ. ಲಕೋಟೆ ಅಂಟಿಸಿದ್ದನ್ನು ಮತ್ತೆ ಹರಿದು ಬರೆಯುತ್ತಿದ್ದೇನೆ. ಮೇಲೆ ಒಂದು ಸುಳ್ಳು ಉಳಿದಿದೆ. ಚಾಚಾ ಹೇಳಿದ ಬೋಲ್ಟುಗಳನ್ನು ಮೊದಲು ಬಿಚ್ಚಿದವಳು ನಾನೇ. ನೀವು ಬಿದ್ದ ಮರುದಿನ ಗಾಡಿ ಟೆಂಪೋದಲ್ಲಿ ಬಂತು, ನೀನು ದವಾಖಾನೆಯಲ್ಲಿ ಅವ್ವನ ಹತ್ತಿರ ಇದ್ದೆ. ಶೆಡ್ಡಿನ ಬಾಗಿಲು ಎಳೆದುಕೊಂಡು ಬ್ಲಾಕ್ ಎತ್ತಿದೆ. ನಾಲ್ಕು ಗೀರು ಅವತ್ತೇ ನೋಡಿದೆ. ಮತ್ತೆ ಕೂಡಿಸಿ, ಗೋಣಿ ತಟ್ಟು ಹೊದಿಸಿದವಳೂ ನಾನೇ. ಕರಿಬಸಪ್ಪನ ಮಗಳು ಕೊರೆದ ಬ್ಲಾಕ್ ಹಿಡಿದುಕೊಂಡಿತು ಎಂದು ಊರಿಗೆ ಗೊತ್ತಾದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಹೆದರಿದೆ. ನೀನು ಊರು ಬಿಟ್ಟದ್ದು ಅದರ ಒಂಬತ್ತನೇ ದಿನ. ಎಂಟು ದಿನ ನೀನು ದಿನಾ ಬಂದು ಬಾಗಿಲಲ್ಲಿ ನಿಂತೆ, ಅವ್ವನಿಗೆ ಒಯ್ಯಲು ಎಂಟು ಬುತ್ತಿ ಕಟ್ಟಿ ನಿನ್ನ ಕೈಗೆ ಕೊಟ್ಟೆ. ಇದೊಂದನ್ನು ಹೇಳಲಿಲ್ಲ. ಇದು ಅವ್ವನಿಗೂ ಗೊತ್ತಿಲ್ಲ, ಮೊದಲು ನಿನಗೆ. ಬ್ಲಾಕ್ ಕೊರೆದರೆ ಗೀರೂ ಹೋಗುತ್ತದೆ, ಆ ಮೂರೂ ಹೋಗುತ್ತದೆ. ಆಮೇಲೆ ನೀನು ನನ್ನ ಬಾಯಿಮಾತನ್ನೇ ನಂಬಬೇಕು, ಎರಡು ವರ್ಷ ಸುಮ್ಮನಿದ್ದವಳ ಮಾತನ್ನು ಯಾಕೆ ನಂಬುತ್ತೀ? ಅದಕ್ಕೇ ಕೊರೆದಿಲ್ಲ. ಹಳೆಯ ಪಿಸ್ಟನ್ನನ್ನು ಅಪ್ಪನ ರುಮಾಲಿನಲ್ಲಿ ಸುತ್ತಿ ಬ್ಲಾಕಿನ ಪಕ್ಕ ಇಟ್ಟಿದ್ದೇನೆ, ಗೇಜೂ ಅಲ್ಲೇ ಇದೆ. ಬಂದು ನಿನ್ನ ಕೈಯಿಂದಲೇ ಅಳೆ. ಅಳೆದಾದ ಮೇಲೆ ನನ್ನನ್ನು ಬೈಯಿ. ಬೈಯುವಾಗ ಮಾತ್ರ ಮೂರು ಮಾತಿಗೆ ನಿಲ್ಲಿಸಬೇಡ.